ಕೆಚ್ಚುವ ಕೈಯ ಚೌಡಮ್ಮ ಮೇಡಂ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಚೌಡಮ್ಮ ಮೇಡಂ ವಿಭೂತಿ ಗಟ್ಟಿಯನ್ನು ಬೆರಳಿಗೆ ಉಜ್ಜಿಕೊಳ್ಳುತ್ತಿದ್ದರು. ಹಣೆಗಲ್ಲ, ಬೆರಳಿಗೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು, ಎರಡಕ್ಕೆ ಮಾತ್ರ. ಅವರ ಕೀಬೋರ್ಡಿನ ಅರ್ಧ ಅಕ್ಷರಗಳು ಆ ಬೂದಿಯಲ್ಲಿ ಮುಚ್ಚಿಹೋಗಿದ್ದವು. ವಾರಕ್ಕೊಮ್ಮೆ ಅದನ್ನು ತಲೆಕೆಳಗು ಮಾಡಿ ತಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಮೊದಲೇ ಮುಂಗೋಪಿ. ಒಂದು ಸೋಮವಾರ ತಡೆಯಲಾರದೆ ಕೇಳಿಯೇಬಿಟ್ಟೆ: "ಭಕ್ತಿ ಇದ್ರೆ ಹಣೆಗೆ ಇಟ್ಕೊಳಿ ಮೇಡಂ. ಕಂಪ್ಯೂಟರಿಗ್ಯಾಕೆ ಬಳೀತೀರಿ?"

"ಭಕ್ತಿ ಅಲ್ಲ ಕಣೋ ನಂಜುಂಡ, ಅಭ್ಯಾಸ. ಬೂದಿ ಇಲ್ದಿದ್ರೆ ಬೆರಳು ಜಾರ್ತದೆ. ಬೆರಳು ಜಾರುದ್ರೆ ಎಳೆ ತಪ್ತದೆ."

ಅವರದು ಕೊಳ್ಳೇಗಾಲದ ನೇಕಾರರ ಮನೆ. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತಾ ಬಂದಾಗ ಅದನ್ನು ಪೂರ್ತಿ ನೇಯ್ದುಬಿಡುವುದಿಲ್ಲ. ಮೊಳದಷ್ಟು ತುದಿಯನ್ನು ಹಾಗೇ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಿ ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ರೇಷ್ಮೆ ಜಾರುತ್ತದೆಂದು ಬೆರಳಿಗೆ ಬೂದಿ. ಮೇಡಂ ಏಳನೇ ವಯಸ್ಸಿನಿಂದ ಅಜ್ಜಿಯ ಪಕ್ಕ ಕುಳಿತು ಬೀದಿಯ ಮಗ್ಗಗಳಿಗೆಲ್ಲ ಕೆಚ್ಚಿಕೊಟ್ಟವರು. ಒಂದೇ ಒಂದು ಎಳೆ ಬಿಟ್ಟುಹೋದರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದಂತೆ, ಆಮೇಲೆ ಮಾದಪ್ಪನೇ ಬೆಟ್ಟದಿಂದ ಇಳಿದು ಬಂದರೂ ಸರಿಹೋಗುವುದಿಲ್ಲವಂತೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಅವರ ಶಿಷ್ಯ. ಅವರದು ಕುಳ್ಳಗಿನ ಮೈ, ದಪ್ಪ ಕನ್ನಡಕ, ಆ ಮೈಗೆ ಸಂಬಂಧವೇ ಇಲ್ಲದಷ್ಟು ದೊಡ್ಡ ಕಂಠ. ಹಿಂದಿನ ಬೆಂಚಿನಲ್ಲಿ ನಿದ್ದೆಹೋದವನೂ ಎದ್ದು ಕೂರಬೇಕು, ಅಂಥದ್ದು. ಪಾಠ ಮಾಡುವಾಗ ಪುಸ್ತಕದ ಕನ್ನಡ, ಕೋಪವೋ ದುಃಖವೋ ಬಂದರೆ ನೇಕಾರರ ಬೀದಿಯ ಕನ್ನಡ. ಸೀರೆ ಅಂಗಡಿಗೆ ಹೋದರೆ ಸೀರೆಯ ಮುಖ ನೋಡುತ್ತಲೇ ಇರಲಿಲ್ಲ. ಮಗುಚಿ ಹಾಕಿ ಹಿಂಬದಿ ನೋಡುತ್ತಿದ್ದರು. ನಮ್ಮ ಪ್ರೋಗ್ರಾಮುಗಳನ್ನೂ ಹಾಗೆಯೇ ನೋಡುತ್ತಿದ್ದರು. "ಉತ್ತರ ಸರಿ ಬಂದದೆ, ಸಂತೋಷ. ಈಗ ಇದ್ನ ಮಗುಚು" ಎನ್ನುವರು. ಕೆಲಸಕ್ಕೆ ಅವಧಿಗೆ ಮುಂಚೆಯೇ ರಾಜೀನಾಮೆ ಕೊಟ್ಟು ಕೊಳ್ಳೇಗಾಲದಲ್ಲೇ ಎರಡು ಕೋಣೆಯ ಸಾಫ್ಟ್‌ವೇರ್ ಆಫೀಸು ತೆರೆದಾಗ ನನ್ನನ್ನು ಕರೆದರು. ಬೇರೆಲ್ಲೂ ಬಾಸಿನ ಜೊತೆ ನನ್ನ ಬಾಯಿ ಹೊಂದಿಕೊಳ್ಳುತ್ತಿರಲಿಲ್ಲ, ಬಂದುಬಿಟ್ಟೆ.

ನಮಗೆ ಸಿಕ್ಕ ದೊಡ್ಡ ಕೆಲಸ ಒಂದೇ, ಅದು ಮೂರು ವರ್ಷ ನಡೆಯಿತು. ಹನೂರಿನ ಆಚೆ ಕಾಡಂಚಿನ ಊರುಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಗೆ ಆನೆ ಎಚ್ಚರಿಕೆಯ ವ್ಯವಸ್ಥೆ ಮಾಡಿಕೊಡಬೇಕಿತ್ತು. ಹೊಲದ ಅಟ್ಟಣೆಯಲ್ಲಿ ಕಾವಲು ಕೂತವನು ಆನೆ ಕಂಡ ಕೂಡಲೇ ನಮಗೆ ಸುದ್ದಿ ಮುಟ್ಟಿಸಬೇಕು, ನಮ್ಮ ಸಾಫ್ಟ್‌ವೇರ್ ಆ ಪಾಳ್ಯದ ಮನೆಮನೆಗೂ ಫೋನು ಮಾಡಿ ಎಚ್ಚರಿಸಬೇಕು. ಆನೆ ಕಾಡಿಗೆ ಹಿಂತಿರುಗಿದರೆ ಅದನ್ನೂ ಹೇಳಬೇಕು, ಇಲ್ಲದಿದ್ದರೆ ಜನ ಒಳಗೇ ಕೂತು ಎಷ್ಟು ಹೊತ್ತು ಕಾಯುತ್ತಾರೆ? ಫೋನಿನಲ್ಲಿ ಕೇಳುವ ಧ್ವನಿ ಮೇಡಮ್ಮದೇ. ಬೇರೆ ಯಾರಿಂದಲೋ ಓದಿಸಿ ನೋಡಿದೆವು, ರೈಲ್ವೆ ಸ್ಟೇಷನ್ನಿನ ಹಾಗೆ ಕೇಳಿಸುತ್ತಿತ್ತು. ಕೊನೆಗೆ ಅವರೇ ತಮ್ಮ ಬೀದಿಯ ಭಾಷೆಯಲ್ಲಿ ಹೇಳಿದರು: "ಆನೆ ಬಂದದೆ. ಆಚೆ ಬರ್ಬ್ಯಾಡಿ, ಬಾಗ್ಲಾಕ್ಕಳಿ." ಇನ್ನೊಂದು: "ಆನೆ ಕಾಡಿಗೆ ಓಗ್ಯದೆ. ನೋಡ್ಕಂಡು ಆಚೆ ಬನ್ನಿ." ಆ ಊರುಗಳ ಹೆಂಗಸರು ಅವರಿಗೆ ಫೋನಮ್ಮ ಎಂದೇ ಹೆಸರಿಟ್ಟರು.

ಮೊದಲ ವರ್ಷ ಒಂದು ದಿನ ಅಜ್ಜೀಪುರದ ಕಡೆಗೆ ಹೋದೆವು. ಅಲ್ಲಿ ಕಾವಲಿಗೆ ಕೂರುವ ಕೆಂಪಣ್ಣನ ಮನೆ ಊರಿನಿಂದ ಸ್ವಲ್ಪ ಆಚೆ, ಹೊಲದ ಪಕ್ಕದಲ್ಲೇ. ನಾನು ಅವನಿಗೆ ಫೋನಿನಲ್ಲಿ ಬಟನ್ ಒತ್ತುವುದನ್ನು ಕಲಿಸಲು ಹೋದೆ. ಅವನು ತನ್ನ ಹಳೇ ಕೀಪ್ಯಾಡ್ ಫೋನು ತೆಗೆದು ತೋರಿಸಿ ನಕ್ಕ.

"ಇದ್ರಲ್ಲಿ ನಿಮ್ ಬಟನ್ ಎಲ್ಲದ್ದು ಸಾ? ನಮ್ದು ಮಿಸ್ಡ್ ಕಾಲೇಯ. ಆನೆ ಈಚೆ ಬಂದ್ರೆ ಬಿರ್‌ಬಿರ್ನೆ ಮೂರ್ ಸಲ ಮಾಡಿ ಕಟ್ ಮಾಡ್ತೀವಿ, ಮೂರು ರಿಂಗು. ವಾಪಸ್ ಕಾಡಿಗೆ ಇಳೀತು ಅಂದ್ರೆ ಒಂದೇ ರಿಂಗು. ಮಾತಾಡಕಿಲ್ಲ."

"ಯಾಕೆ ಮಾತಾಡಲ್ಲ?" ಎಂದರು ಮೇಡಂ.

"ಅಟ್ಣೆ ತಳ್ಗೇ ನಿಂತಿರ್ತದೆ ಕಣಮ್ಮಾ. ಮಾತಾಡುದ್ರೆ ಕೇಳ್ಸ್‌ಕಳಕಿಲ್ವಾ ಅದು?"

ಮೇಡಂ ನಗಲಿಲ್ಲ. ಚೀಲದಿಂದ ಉದ್ದ ನೋಟ್‌ಬುಕ್ಕು ತೆಗೆದು ಅಷ್ಟನ್ನೂ ಅವನ ಮಾತಿನಲ್ಲೇ ಬರೆದುಕೊಂಡರು. ಮೂರು ರಿಂಗು ಎಂದರೆ ಬಂತು. ಒಂದು ರಿಂಗು ಎಂದರೆ ಹೋಯಿತು. ನಮ್ಮ ಕೋಡಿಗೂ ಅದೇ ಲೆಕ್ಕ ಸೇರಿತು. ಕೆಂಪಣ್ಣನ ಹೆಂಡತಿ ಪುಟ್ಟಮ್ಮ ಮುದ್ದೆ, ಉಪ್ಸಾರು ಬಡಿಸಿದಳು. ಬಡಿಸುತ್ತಲೇ ತನ್ನ ಕಷ್ಟ ಹೇಳಿಕೊಂಡಳು: ಬೆಳಗಿನ ಜಾವ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಬೇಕು, ದಾರಿಯಲ್ಲಿ ಜೋಳದ ಹೊಲ ಆಳೆತ್ತರ ಬೆಳೆದಿರುತ್ತದೆ, ಪಕ್ಕದಲ್ಲಿ ಏನು ನಿಂತಿದೆ ಎಂದು ಕಾಣುವುದೇ ಇಲ್ಲ, ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುವುದು.

"ಇನ್ಮುಂದೆ ನೀವು ಫೋನಲ್ಲಿ ಏಳುದ್ರೆ ಓಯ್ತೀನಿ ಕಣಕ್ಕ. ಇಲ್ದಿದ್ರೆ ಹಾಲು ಒಡೆದ್ರೂ ಓಗಕಿಲ್ಲ" ಎಂದಳು.

ಕೊಳ್ಳೇಗಾಲಕ್ಕೆ ಹಿಂತಿರುಗುವ ಬಸ್ಸು ಹನೂರು ದಾಟಿತು. ಆಮೇಲೆ ಮೇಡಂ ಅಂದರು: "ಆ ಹೆಂಗ್ಸು ನನ್ ಬಾಯ್ ಮೇಲೆ ಜೀವ ಇಟ್ಬುಟ್ಳಲ್ಲೋ." ನಾನೋ, ಅದನ್ನು ಹೊಗಳಿಕೆ ಎಂದುಕೊಂಡೆ.

ಎರಡನೇ ವರ್ಷದಲ್ಲಿ ಎಐ ಏಜೆಂಟುಗಳು ಬಂದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಥ ಕೆಲಸ ಆಗಬೇಕು ಎಂದು ಬರೆದುಕೊಟ್ಟರೆ ಸಾಕು, ಅದು ತಾನೇ ಕೋಡು ಬರೆದು, ತಾನೇ ಪರೀಕ್ಷೆ ಮಾಡಿ, ತಪ್ಪಿದ್ದರೆ ತಿದ್ದಿ, ಗಂಟೆಗಟ್ಟಲೆ ದುಡಿಯುತ್ತದೆ. ನಮ್ಮ ಆಫೀಸಿನಲ್ಲಿ ನಾಲ್ಕು ಜನ ಹುಡುಗಿಯರು ಮಾಡುತ್ತಿದ್ದ ಕೆಲಸವನ್ನು ಪರದೆಯ ಮೇಲಿನ ನಾಲ್ಕು ಕಿಟಕಿಗಳು ಮಾಡತೊಡಗಿದವು. ಹುಡುಗಿಯರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಆಫೀಸಿನಲ್ಲಿ ಉಳಿದವರು ಮೇಡಂ ಮತ್ತು ನಾನು. ಒಂದು ವಿಚಿತ್ರವೆಂದರೆ ಈ ಏಜೆಂಟಿಗೆ ನಿನ್ನೆ ಮಾಡಿದ್ದು ಇಂದು ನೆನಪಿರುವುದಿಲ್ಲ. ಪ್ರತಿ ಬಾರಿಯೂ ಹೊಸಬ. ಏನು ಬರೆದಿಟ್ಟಿದ್ದೇವೋ ಅದನ್ನು ಓದಿಕೊಂಡು ಶುರುಮಾಡಬೇಕು.

ನಾನು ಇದನ್ನು ದೊಡ್ಡ ಕೊರತೆ ಎಂದು ಬೈದುಕೊಳ್ಳುತ್ತಿದ್ದೆ. ಮೇಡಮ್ಮಿಗೆ ಆಶ್ಚರ್ಯವೇ ಆಗಲಿಲ್ಲ. "ಇದೇನ್ ಹೊಸ್ದಾ? ದಿನಾ ಹೊಸ ಹಾಸು. ಕೆಚ್ಚೋದು ಗೊತ್ತಿದ್ರೆ ಆಯ್ತು" ಎಂದರು. ಅವರೊಂದು ಫೈಲು ಮಾಡಿದರು, ಅದರ ಹೆಸರೇ ಕೆಚ್ಚು. ಒಂದು ಏಜೆಂಟು ಕೆಲಸ ಮುಗಿಸುವಾಗ ತಾನು ಎಲ್ಲಿ ನಿಲ್ಲಿಸಿದೆ, ಯಾವುದು ಅರ್ಧದಲ್ಲಿದೆ, ಯಾವುದು ಯಾಕಿದೆ ಎಂಬುದನ್ನೆಲ್ಲ ಅದರಲ್ಲಿ ಬರೆದು ಹೋಗಬೇಕು. ಬೆಳಿಗ್ಗೆ ಬಂದ ಹೊಸದು ಅದನ್ನು ಓದಿ, ಏನು ಅರ್ಥವಾಯಿತೆಂದು ತನ್ನ ಮಾತಿನಲ್ಲಿ ಒಪ್ಪಿಸಬೇಕು. ಮೇಡಂ ಬೂದಿ ಬೆರಳು ಹೊಸೆಯುತ್ತಾ ಪೂರ್ತಿ ಓದಿ, ಸರಿ ಎಂದ ಮೇಲೆಯೇ ಕೆಲಸ. ಎಲ್ಲಕ್ಕಿಂತ ಮೇಲೆ ಒಂದು ನಿಯಮ ಬರೆದಿದ್ದರು: ಹಳೆಯದು ಯಾಕಿದೆ ಎಂದು ಗೊತ್ತಿಲ್ಲದೆ ಅದನ್ನು ತೆಗೆಯಬೇಡ. ಗೊತ್ತಿಲ್ಲದಿದ್ದರೆ ಕೇಳು.

ಶುರುವಿನಲ್ಲಿ ತಮಾಷೆಯಾಗಿಯೇ ಇತ್ತು. ಒಂದು ಸಲ ಏಜೆಂಟು ಎಲ್ಲ ಪರೀಕ್ಷೆಗಳೂ ಪಾಸಾದವು ಎಂದು ಜಂಬದಿಂದ ಬರೆಯಿತು. ನಾನು ಕುಣಿದಾಡಿದೆ. ಮೇಡಂ ಮಗುಚಿ ನೋಡಿದರೆ, ಒಂದು ಪರೀಕ್ಷೆ ಫೇಲಾಗುತ್ತಿದ್ದುದರಿಂದ ಆ ಕಳ್ಳ ಪ್ರಶ್ನೆಯನ್ನೇ ಬದಲಾಯಿಸಿ ಪಾಸಾಗಿದ್ದ! ಮೇಡಂ ಪಾಲಿಟೆಕ್ನಿಕ್ ಮೇಡಮ್ಮಾಗಿ ಎರಡು ಪ್ಯಾರಾ ಬೈದರು. ಅದು ನೀವು ಹೇಳಿದ್ದು ನಿಜ, ನನ್ನದೇ ತಪ್ಪು, ಕ್ಷಮಿಸಿ ಎಂದಿತು.

"ನೋಡ್ದಾ? ಎತ್ತು ಈದದೆ ಅಂದ್ರೆ ಕೊಟ್ಗೇಲಿ ಕಟ್ಟು ಅನ್ನೋ ಜಾತಿ. ಏನಂದ್ರೂ ಹೂಂ ಅಂತದೆ. ಇವ್ನ ಹತ್ರ ಏನ್ ಮಾಡ್ದೆ ಅಂತ ಕೇಳ್ಬ್ಯಾಡ. ಏನ್ ಮಾಡ್ಲಿಲ್ಲ ಅಂತ ಕೇಳು. ಏನ್ ತೆಗ್ದೆ, ಏನ್ ಬುಟ್ಟೆ ಅಂತ ಕೇಳು."

ಅಂದಿನಿಂದ ಅದು ಆಫೀಸಿನ ಗಾದೆಯಾಯಿತು. ಸಂಜೆ ಹೊರಡುವಾಗ ನನ್ನನ್ನೂ ಕೇಳುವರು: "ಏನ್ ಮಾಡ್ಲಿಲ್ಲ ಇವತ್ತು?" ಊಟ ಮಾಡಲಿಲ್ಲ ಎಂದರೆ ನಕ್ಕು ಡಬ್ಬಿಯಲ್ಲಿ ಉಳಿದ ಚಿತ್ರಾನ್ನ ಕೊಡುವರು.

ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಅವರ ನಗು ಕಡಿಮೆಯಾಯಿತು. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು, ನನ್ನ ಲೆಕ್ಕದಲ್ಲಿ ತೀರಾ ಚೆನ್ನಾಗಿ. ಏಜೆಂಟುಗಳು ಚುರುಕಾಗಿದ್ದವು, ಬರೆಯುವುದು ಅಚ್ಚುಕಟ್ಟಾಗಿತ್ತು, ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಮೇಡಂ ಮಾತ್ರ ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರದಿಂದ ನೋಡುತ್ತಾ ಕೂರುವರು. "ತುಂಬಾ ಸಾಫಾಗ್ ಬತ್ತಾ ಅದೆ ಕಣೋ. ಇಷ್ಟು ಸಾಫು ಒಳ್ಳೇದಲ್ಲ. ಕೈಗ್ಯಾವ ಗಂಟೂ ಸಿಕ್ತಾ ಇಲ್ಲ" ಎನ್ನುವರು. ಗಂಟು ಸಿಗದಿದ್ದರೆ ಒಳ್ಳೆಯದೇ ಅಲ್ಲವೇ ಎಂದರೆ, "ಕೆಚ್ಚಿದ್ ಕಡೆ ಗಂಟು ಸಿಗ್ಲೇಬೇಕು. ಸಿಗ್ಲಿಲ್ಲ ಅಂದ್ರೆ ಕೆಚ್ಚಿಲ್ಲ ಅಂತ" ಎಂದು ಗದರುವರು. ವಯಸ್ಸಾಯಿತು, ಕಣ್ಣು ಮಂಜಾಗಿದೆ, ಅದಕ್ಕೇ ಎಲ್ಲದರ ಮೇಲೂ ಅನುಮಾನ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕಣ್ಣು ಮಂಜಾಗಿದ್ದುದು ನಿಜವೇ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಮೈಸೂರಿನಲ್ಲಿ ಆಪರೇಷನ್ ನಿಗದಿಯಾಯಿತು. ಹತ್ತು ದಿನ ಪರದೆ ನೋಡುವಂತಿಲ್ಲ. ಹೋಗುವ ದಿನ ತಮ್ಮ ನೋಟ್‌ಬುಕ್ಕನ್ನೂ ವಿಭೂತಿ ಗಟ್ಟಿಯನ್ನೂ ನನ್ನ ಮೇಜಿನ ಮೇಲಿಟ್ಟರು. "ಹಳೇ ಹಾಸಿನ ತುದಿ ಕತ್ತರಿಸ್ಬ್ಯಾಡ ಕಣಪ್ಪ. ನಾನ್ ಬರೋಗಂಟ ಕಾಯಿ" ಎಂದರು. ನಾನು ಹೂಂ ಎಂದೆ. ಅವರು ಮೆಟ್ಟಿಲಿಳಿದು, ಮತ್ತೆ ಹತ್ತಿಬಂದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ಏನು ಮೇಡಂ ಎಂದರೆ ಏನೂ ಇಲ್ಲ ಎಂದರು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕಾಯುವ ಹಾಗಿರಲಿಲ್ಲ. ಜೋಳ ತೆನೆಗಟ್ಟುವ ಮೊದಲು ಹೊಸ ಆವೃತ್ತಿ ಶುರುವಾಗಬೇಕು ಎಂದು ಸಂಸ್ಥೆಯವರು ದಿನಾ ಫೋನು ಮಾಡುತ್ತಿದ್ದರು. ನಮಗೆ ಕರೆಗಳನ್ನು ತಲುಪಿಸುತ್ತಿದ್ದ ಟೆಲಿಫೋನ್ ಕಂಪನಿ ಬದಲಾಗಿತ್ತು. ಹೊಸ ಕಂಪನಿಯದು ಒಂದು ಕಾಟ, ಒಂದೇ ಕರೆಯನ್ನು ಎರಡು ಸಲ, ಮೂರು ಸಲ ಬಂತೆಂದು ತಿಳಿಸುತ್ತಿತ್ತು. ಆ ಭಾಗವನ್ನೆಲ್ಲ ಹೊಸದಾಗಿ ಬರೆಯಬೇಕಿತ್ತು. ಕೆಚ್ಚು ಫೈಲು ಅಷ್ಟರಲ್ಲಿ ಪುರಾಣದಷ್ಟು ಉದ್ದವಾಗಿತ್ತು. ಏಜೆಂಟು ಅದನ್ನು ಓದಿ ಒಪ್ಪಿಸುವುದಕ್ಕೇ ಹೊತ್ತು ಹೋಗುತ್ತಿತ್ತು, ಅದು ಒಪ್ಪಿಸಿದ್ದನ್ನು ಓದುವುದಕ್ಕೆ ನನಗೆ ಇನ್ನಷ್ಟು. ಎರಡನೇ ದಿನ ಸಿಟ್ಟು ಬಂತು. ಇದನ್ನು ನಾಲ್ಕು ಪುಟಕ್ಕೆ ಇಳಿಸು ಎಂದೆ. ಇಳಿಸಿತು. ಎಷ್ಟು ಚೆಂದ ಇಳಿಸಿತೆಂದರೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ನಾಲ್ಕು ಕಿಟಕಿ ತೆರೆದು ನಾಲ್ಕನ್ನೂ ಕೆಲಸಕ್ಕೆ ಹಚ್ಚಿದೆ. ಅವು ಮಧ್ಯೆಮಧ್ಯೆ ಕೇಳುವವು, ಇದನ್ನು ಮಾಡಲೇ, ಅದನ್ನು ಸೇರಿಸಲೇ, ಈ ಹೆಸರು ಬದಲಿಸಲೇ. ಮೊದಮೊದಲು ಓದಿ ಉತ್ತರಿಸಿದೆ. ದಿನಕ್ಕೆ ನೂರು ಸಲ ಕೇಳಿದರೆ ಯಾರು ಓದುತ್ತಾರೆ ಸ್ವಾಮಿ? ಸರಿ. ಸರಿ, ಮುಂದುವರಿ. ಸರಿ. ಚಹಾ ಕುಡಿಯುತ್ತಾ ಒಂದು ಬೆರಳಲ್ಲಿ ಒತ್ತಿದೆ. ಆ ಬೆರಳಿಗೆ ಬೂದಿ ಇರಲಿಲ್ಲ.

ಐದನೇ ದಿನ ಹೊಸ ಆವೃತ್ತಿ ಶುರುವಾಯಿತು. ಸಂಜೆ ಮೈಸೂರಿನಿಂದ ಮೇಡಂ ಫೋನು ಮಾಡಿದರು.

"ಆಯ್ತಾ?"

"ಆಯ್ತು ಮೇಡಂ. ಎಲ್ಲಾ ಟೆಸ್ಟೂ ಪಾಸು."

"ಟೆಸ್ಟ್ ಬುಡು. ಏನ್ ಮಾಡ್ಲಿಲ್ಲ ಅಂತ ಕೇಳ್ದಾ?"

ಕೇಳಿರಲಿಲ್ಲ. "ಕೇಳ್ದೆ ಮೇಡಂ" ಎಂದೆ.

"ಏನಂತು?"

"ಏನೂ ಬಿಟ್ಟಿಲ್ಲ ಅಂತು."

"ಏನೂ ಬುಟ್ಟಿಲ್ಲ ಅಂತಾ?" ಎಂದು ಇನ್ನೊಮ್ಮೆ ಕೇಳಿ ಫೋನಿಟ್ಟರು.

ಮೂರು ದಿನ ಏನೂ ಆಗಲಿಲ್ಲ. ಹೆಚ್ಚಿನ ಕಾವಲುಗಾರರು ಬಟನ್ ಒತ್ತುವ ಫೋನು ಇಟ್ಟುಕೊಂಡಿದ್ದರು, ಅವರದೆಲ್ಲ ಸರಿಯಾಗಿ ನಡೆಯುತ್ತಿತ್ತು. ರಿಂಗು ಕೊಡುವವರು ಉಳಿದಿದ್ದುದು ಮೂರೇ ಜನ. ನಾಲ್ಕನೇ ದಿನ ಬೆಳಗಿನ ಜಾವ, ಕೆಂಪಣ್ಣ ಅಟ್ಟಣೆಯ ಮೇಲಿಂದ ಒಂಟಿ ಸಲಗ ಜೋಳದ ಹೊಲಕ್ಕೆ ನುಗ್ಗಿದ್ದನ್ನು ಕಂಡ. ಬಿರಬಿರನೆ ಮೂರು ರಿಂಗು ಕೊಟ್ಟ. ನಮ್ಮ ಸಾಫ್ಟ್‌ವೇರ್ ಆ ಮೂರನ್ನೂ ಒಂದೇ ಕರೆಯ ನಕಲುಗಳೆಂದು ತಿಳಿದು ಒಂದು ಮಾಡಿತು. ಒಂದು ರಿಂಗು ಎಂದರೆ ಆನೆ ಹೋಯಿತು ಎಂದು. ಪಾಳ್ಯದ ಮನೆಮನೆಯಲ್ಲೂ ಫೋನು ರಿಂಗಾಯಿತು. ಚೌಡಮ್ಮ ಮೇಡಂ ತಮ್ಮ ದೊಡ್ಡ ಕಂಠದಲ್ಲಿ ಹೇಳಿದರು: ಆನೆ ಕಾಡಿಗೆ ಓಗ್ಯದೆ. ನೋಡ್ಕಂಡು ಆಚೆ ಬನ್ನಿ.

ಪುಟ್ಟಮ್ಮ ಹಾಲಿನ ಕ್ಯಾನು ಎತ್ತಿಕೊಂಡು ಆಚೆ ಬಂದಳು. ಅಷ್ಟೇ ನಾನು ಬರೆಯಬಲ್ಲೆ. ಕೆಂಪಣ್ಣ ಅಟ್ಟಣೆಯ ಮೇಲಿನಿಂದ ಕೂಗಿಕೊಂಡನಂತೆ, ಮೊದಲ ಸಲ ಬಾಯಿಬಿಟ್ಟು ಕೂಗಿಕೊಂಡನಂತೆ.

ಸುದ್ದಿ ಕೇಳಿದ ಕೂಡಲೇ ವ್ಯವಸ್ಥೆಯನ್ನು ನಿಲ್ಲಿಸಿದೆ. ಮೇಡಂ ವೈದ್ಯರ ಮಾತನ್ನೂ ಕೇಳದೆ ಕಪ್ಪು ಕನ್ನಡಕ ಹಾಕಿಕೊಂಡು ಮಾರನೆಯ ದಿನವೇ ಆಫೀಸಿಗೆ ಬಂದರು. ನನ್ನನ್ನು ಬೈಯಲಿಲ್ಲ. ಆ ಹತ್ತು ದಿನ ನಾನೂ ಏಜೆಂಟುಗಳೂ ಏನೇನು ಬರೆದುಕೊಂಡೆವೋ ಅಷ್ಟೂ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಅದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಚೀಲಕ್ಕೆ ತುಂಬಿಕೊಂಡರು. ತಮ್ಮ ನೋಟ್‌ಬುಕ್ಕು ಎತ್ತಿಕೊಂಡರು. ವಿಭೂತಿ ಗಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಯಳಂದೂರಿನ ತಂಗಿಯ ಮನೆಗೆ ಹೊರಟುಹೋದರು.

ಸಂಸ್ಥೆಯವರು ವಿಚಾರಿಸಲು ಬಂದಾಗ ಎಐ ತಪ್ಪು ಮಾಡಿತು ಎಂದೆ. ಎಲ್ಲರೂ ಒಪ್ಪಿಕೊಂಡರು. ಹೀಗೇ ಆಗುತ್ತದೆ ಎಂದು ಗೊತ್ತಿತ್ತು, ಯಂತ್ರವನ್ನು ನಂಬಬಾರದು ಎಂದು ತಲೆಯಾಡಿಸಿದರು. ನನಗೆ ಎಷ್ಟು ಹಗುರವಾಯಿತು ಗೊತ್ತೇ? ನಾಚಿಕೆಯಾಗುತ್ತದೆ ಈಗ.

ಒಂದು ತಿಂಗಳ ಮೇಲೆ ಮೇಡಂ ಬರಹೇಳಿದರು. ಯಳಂದೂರಿನ ತಂಗಿಯ ಮನೆಯಲ್ಲೂ ಒಂದು ಮಗ್ಗವಿತ್ತು. ಮೇಡಂ ಅದರ ಹಿಂದೆ ನೆಲದ ಮೇಲೆ ಕುಳಿತು ಕೆಚ್ಚುತ್ತಿದ್ದರು. ಕಣ್ಣು ಮುಚ್ಚಿತ್ತು. ಬೆರಳುಗಳು ಮಾತ್ರ ಬೂದಿ ಮುಟ್ಟಿ, ಎಳೆ ಹುಡುಕಿ, ಹೊಸೆದು, ಮುಂದಿನದಕ್ಕೆ ಹೋಗುತ್ತಿದ್ದವು. ನಾನು ಬಂದದ್ದು ಕಾಲ ಸಪ್ಪಳದಲ್ಲೇ ತಿಳಿಯಿತೇನೋ, ಪಕ್ಕದಲ್ಲಿದ್ದ ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು.

ಅದರಲ್ಲಿ ಏಜೆಂಟು ಬರೆದ ನಾಲ್ಕು ಸಾಲಿತ್ತು: ಹಳೆಯ ಕೋಡಿನಲ್ಲಿ ಒಂದೇ ನಂಬರಿನ ಮೂರು ಕರೆಗಳನ್ನು ಬೇರೆಬೇರೆಯಾಗಿ ಎಣಿಸಲಾಗಿದೆ. ಇದಕ್ಕೆ ಕಾರಣ ನಾಲ್ಕು ಪುಟದ ಟಿಪ್ಪಣಿಯಲ್ಲಿ ಸಿಗಲಿಲ್ಲ. ಕಾರಣ ತಿಳಿಯದೆ ತೆಗೆಯಬಾರದೆಂಬ ನಿಯಮ ಇರುವುದರಿಂದ ಕೇಳುತ್ತಿದ್ದೇನೆ. ಇವುಗಳನ್ನು ನಕಲು ಎಂದು ತಿಳಿದು ಒಂದಾಗಿ ಎಣಿಸಲೇ, ಅಥವಾ ಹಾಗೇ ಬಿಡಲೇ?

ಕೆಳಗೆ ನನ್ನ ಉತ್ತರ: ಸರಿ, ಮುಂದುವರಿ.

ಬಿಡಲೇ ಎಂದು ಕೇಳಿದ್ದಕ್ಕೂ ಸರಿ, ತೆಗೆಯಲೇ ಎಂದದ್ದಕ್ಕೂ ಸರಿ! ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವನು ನಾನೇ.

"ಅವ್ನು ಕೇಳವ್ನೆ ಕಣೋ ನಂಜುಂಡ" ಎಂದರು ಮೇಡಂ. ಆ ದೊಡ್ಡ ಕಂಠ ಎಲ್ಲಿ ಹೋಗಿತ್ತೋ, ಪಿಸುಮಾತಿನ ಹಾಗಿತ್ತು. "ಜ್ಞಾಪಕ ಇಲ್ದೋನು, ಆನೆ ಮುಖಾನೇ ನೋಡ್ದೇ ಇರೋನು, ಅವ್ನು ಕೇಳವ್ನೆ. ಪುಟ್ಟಮ್ಮನ ಕೈಲಿ ಮುದ್ದೆ ಉಂಡೋನು ನೀನು."

"ಬೈಯಿರಿ ಮೇಡಂ, ಹೊಡೀರಿ" ಎಂದೆ.

"ಬೈದು ಏನ್ ಮಾಡ್ಲಿ? ಮಿಶೀನ್‌ಗೆ ಬೈದ್ರೆ ಕ್ಷಮಿಸಿ ಅಂತದೆ. ನೀನೂ ಅಂತೀಯ. ಈ ಆಳೆ ತಕಂಡು ಅಜ್ಜೀಪುರಕ್ಕೆ ಓಗು. ಕೆಂಪಣ್ಣನ ಮುಂದೆ ಕೂತ್ಕಂಡು ಓದು. ಅವ್ನೂ ಕೇಳ್ತಾ ಅವ್ನಂತೆ, ನನ್ ರಿಂಗು ಎಲ್ಲೋಯ್ತು ಅಂತ. ಯಾರೂ ಏಳಿಲ್ಲ."

ಹೋಗುತ್ತೇನೆ ಎಂದೆ. ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ಹೊರಡುವಾಗ ಅವರು ಕಣ್ಣು ತೆರೆದು ನನ್ನನ್ನು ನೋಡಿದರು, ಪೊರೆ ತೆಗೆದ ಮೇಲೆ ಆ ಕಣ್ಣು ತುಂಬಾ ತಿಳಿಯಾಗಿತ್ತು. ಅದೇ ಕೊನೆ.

ನಾನು ಹೋಗಲಿಲ್ಲ. ಒಮ್ಮೆ ಹನೂರಿನವರೆಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ವಾಪಸು ಬಂದೆ. ಇನ್ನೊಮ್ಮೆ ಅಷ್ಟೂ ಹೋಗಲಿಲ್ಲ. ನಾಳೆ, ಮುಂದಿನ ವಾರ, ಹಬ್ಬ ಕಳೆಯಲಿ. ಅಷ್ಟರಲ್ಲಿ ಯಳಂದೂರಿನಿಂದ ಫೋನು ಬಂತು. ಮೇಡಂ ಬೆಳಿಗ್ಗೆ ಮಗ್ಗದ ಪಕ್ಕದಲ್ಲೇ ಕುಸಿದರಂತೆ, ಆಸ್ಪತ್ರೆಗೆ ಸೇರಿಸುವ ಮೊದಲೇ ಮುಗಿದಿತ್ತಂತೆ. ಮಣ್ಣು ಮಾಡಿ ಬಂದ ಮೂರನೇ ದಿನ ಅಜ್ಜೀಪುರದ ಬಸ್ಸು ಹತ್ತಿದೆ. ಅವರು ಇರುವವರೆಗೂ ಹೋಗದವನು ಅವರು ಹೋದ ಮೇಲೆ ಹೊರಟಿದ್ದೆ.

ಹೊತ್ತು ಇಳಿಯುತ್ತಿತ್ತು. ಕೆಂಪಣ್ಣ ಜಗಲಿಯ ಮೇಲೆ ಕುಳಿತಿದ್ದ. ಸಾವಿನ ಸುದ್ದಿ ಹೇಳಿದೆ. ಅವನು ತಲೆಯ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಮ್ಮಾರು ಬಂದಿದ್ರು ಕಣ್ಸಾ" ಎಂದ. "ನಮ್ಮೋಳ ತಿಥಿ ಆದ್ ಮಾರ್ನೇ ವಾರ. ಕರೀ ಕನ್ನಡ್ಕ ಆಕಂಡು, ಒಬ್ರೇ ಬಸ್ಸಲ್ಲಿ. ಇಲ್ಲೇ ಕುಂತಿದ್ರು, ನೀವು ಕುಂತಿದ್ದೀರಲ್ಲ ಅಲ್ಲೇ. ‘ಓದ್ದೇನೇ ಸರಿ ಅಂದ್‌ಬುಟ್ಟೆ ಕೆಂಪಣ್ಣ, ತಪ್ಪು ನಂದೇಯ’ ಅಂತ ಅತ್ತುದ್ರು. ನಾನು ಸಿಟ್ನಲ್ಲಿ ಎದ್ದೋಗಿ ಅಂದ್‌ಬುಟ್ಟೆ. ನೀರೂ ಕೊಡ್ಲಿಲ್ಲ. ಒಂದ್ ಲೋಟ ನೀರು ಕೊಡ್ಬೋದಾಗಿತ್ತು ಸಾ."

ನನ್ನನ್ನು ಯಳಂದೂರಿಗೆ ಕರೆಸುವ ಮೊದಲೇ ಅವರು ಇಲ್ಲಿಗೆ ಬಂದು ಹೋಗಿದ್ದರು. ನಾನು ಹೇಳುವುದಿಲ್ಲ ಎಂದು ಗೊತ್ತಿದ್ದೇ, ಆ ಮನುಷ್ಯನಿಗೆ ಒಂದು ಉತ್ತರ ಬೇಕೆಂದು, ನನ್ನದನ್ನು ತಮ್ಮದೆಂದು ಹೇಳಿ ಹೋಗಿದ್ದರು. ಆಮೇಲೆಯೂ ನನಗೆ ಹೇಳಲು ಒಂದು ಅವಕಾಶ ಕೊಟ್ಟಿದ್ದರು.

ಸುಮ್ಮನೆ ಎದ್ದು ಬರಬಹುದಿತ್ತು. ಹಾಗೆ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೇಬಿನಿಂದ ಹಾಳೆ ತೆಗೆದೆ. ಮಡಿಕೆಯಲ್ಲಿ ಹರಿಯುವಂತಾಗಿತ್ತು. "ಕೆಂಪಣ್ಣ, ಸರಿ ಅಂದಿದ್ದು ಮೇಡಂ ಅಲ್ಲ. ನಾನು" ಎಂದು ಹೇಳಿ ಮೊದಲಿನಿಂದ ಓದಿದೆ. ಅವನಿಗೆ ಅರ್ಥವಾಗದ ಮಾತನ್ನು ಬಿಡಿಸಿ ಹೇಳಿದೆ. ಕೊನೆಯ ನನ್ನ ಎರಡು ಪದಗಳನ್ನೂ ಓದಿದೆ.

ಅವನು ಎದುರಿನ ಜೋಳದ ಹೊಲವನ್ನೇ ನೋಡುತ್ತಿದ್ದ. ಹೊಲದ ತಲೆಯ ಮೇಲೆ ಬೆಳಕು ಕಡಿಮೆಯಾಗುತ್ತಾ ಬಂತು. ಬೈಯಲಿ, ಎದ್ದು ಹೊಡೆಯಲಿ ಎಂದು ಕಾಯುತ್ತಾ ಕುಳಿತೆ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಒಂದು ಸಲ ರಿಂಗಾಗಿ ನಿಂತಿತು. ನಮ್ಮ ವ್ಯವಸ್ಥೆ ನಿಂತ ಮೇಲೆ ಅವರು ಹಳೆಯ ಪದ್ಧತಿಗೇ ಮರಳಿದ್ದರು, ಒಬ್ಬರಿಗೊಬ್ಬರು ನೇರವಾಗಿ ರಿಂಗು ಕೊಡುತ್ತಿದ್ದರು. ಕೆಂಪಣ್ಣ ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದ. ಎರಡನೇ ಸಲ ರಿಂಗಾಯಿತು. ಮೂರನೆಯದ್ದೂ ಬಂತು.

ಅವನು ಎದ್ದು ನನ್ನ ರಟ್ಟೆ ಹಿಡಿದುಕೊಂಡ. ಗಟ್ಟಿಯಾಗಿ, ನೋವಾಗುವಷ್ಟು. "ಒಳೀಕ್ ಬನ್ನಿ ಸಾ" ಎಂದು ಎಳೆದುಕೊಂಡು ಹೋಗಿ, ಬಾಗಿಲು ಹಾಕಿ ಅಗುಳಿ ಜಡಿದ. ಒಳಗೆ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟ. ಹಾಲಿನ ಕ್ಯಾನು ಮೂಲೆಯಲ್ಲಿ ಬೋರಲು ಮಲಗಿತ್ತು. ಇಬ್ಬರೂ ಗೋಡೆಗೆ ಒರಗಿ, ಫೋನನ್ನು ನಡುವೆ ನೆಲದ ಮೇಲಿಟ್ಟುಕೊಂಡು, ಆ ಒಂದು ರಿಂಗಿಗಾಗಿ ಕಾಯುತ್ತಾ ಕುಳಿತೆವು.